ರಂಗವಲ್ಲಿಯೂ ಮಿದುಳೂ

ಕಾರ್ತಿಕಮಾಸ ಬಂದಿತೆಂದರೆ ಶೃಂಗೇರಿ ಸೀಮೆಯ ಮನೆಗಳಲ್ಲಿ ತುಳಸಿಕಟ್ಟೆಯ ಮುಂದೆ ರಂಗವಲ್ಲಿಯ ಸಡಗರ. ತುಂಗೆಯ ದಡದ ನೆಮ್ಮಾರಿನಲ್ಲಿ ಗೃಹಿಣಿಯೊಬ್ಬಳು ಮಾಸಪತ್ರಿಕೆಯಲ್ಲಿ ಅಚ್ಚಾದ ಚುಕ್ಕೆ ರಂಗವಲ್ಲಿಯನ್ನು ಪಕ್ಕದಲ್ಲಿಟ್ಟುಕೊಂಡು ಅಂಗಳದಲ್ಲಿ ಎಳೆಯುತ್ತಿರುವಳೆಂದು ಭಾವಿಸೋಣ. ಕಾಗದದ ಕಡೆಗೊಮ್ಮೆ ನೋಟ, ನೆಲದ ಕಡೆಗೊಮ್ಮೆ. ಇವೆರಡರ ನಡುವಣ ಒಂದೆರಡು ಕ್ಷಣ ಆ ಎಳೆಯು ಆಕೆಯ ಕಣ್ಣ ಮುಂದೆಯೂ ಇಲ್ಲ, ನೆಲದ ಮೇಲೆ ಇನ್ನೂ ಮೂಡಿಯೂ ಇಲ್ಲ. ಆಗ ಅದು ಇರುವುದೆಲ್ಲಿ?

ಬಾಲ್ಯದ ಮನೆಯ ಜಗಲಿಯನ್ನು ಮುಪ್ಪಿನಲ್ಲಿಯೂ ತಂದುಕೊಡುವ ಸ್ಮರಣೆ ಬೇರೆ. ಇದಾದರೋ ಕೆಲಸ ಮುಗಿಯುವವರೆಗೆ ಮಾತ್ರ ಹಿಡಿದು ಬಿಟ್ಟುಬಿಡುವಂಥದು. ಶಾಸ್ತ್ರಜ್ಞರು ಇದನ್ನು ದೃಶ್ಯದ ಕಾರ್ಯಸ್ಮೃತಿ ಎನ್ನುವರು. 1971ರಲ್ಲಿ ಫುಸ್ಟರ್ ಮತ್ತು ಅಲೆಗ್ಸಾಂಡರ್ ಎಂಬವರು ಅಮೆರಿಕೆಯಲ್ಲಿ ಕೋತಿಗಳಿಗೆ ತಿನಿಸನ್ನು ತೋರಿಸಿ, ಬಳಿಕ ತೆರೆಯಿಳಿಸಿ ಕಾಯಿಸಿದರು. ತೆರೆ ಏಳುವವರೆಗೂ ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಕೆಲವು ಕಣಗಳು ಸುಮ್ಮನಾಗದೆ ಮಿಡಿಯುತ್ತಲೇ ಇದ್ದುವು. 2009ರಲ್ಲಿ ಹ್ಯಾರಿಸನ್ ಮತ್ತು ಟಾಂಗ್ ಎಂಬವರು ಮನುಷ್ಯರನ್ನೇ ಪರೀಕ್ಷಿಸಿ, ಗೆರೆಗಳನ್ನು ತೋರಿಸಿ ಮರೆಮಾಡಿದ ಮೇಲೆಯೂ ಅವುಗಳ ಓರೆಯ ಗುರುತು ಹಿಂತಲೆಯ ನೋಟದ ಭಾಗದಲ್ಲಿ ಉಳಿದಿರುವುದನ್ನು ಕಂಡುಹಿಡಿದರು. ಹಿಡಿದಿಡುವುದು ಮುಂದಲೆಯೋ ಹಿಂತಲೆಯೋ ಎಂಬ ವಾದ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಕೂಡಿಯೇ ದುಡಿಯುತ್ತಿರಬೇಕೆಂದು ನಮಗೆ ತೋರುತ್ತದೆ.

ಆದರೆ ಈ ಹಿಡಿತ ಬಹಳ ಚಿಕ್ಕದು. ಬಣ್ಣದ ಚೌಕಗಳನ್ನು ಕ್ಷಣಮಾತ್ರ ತೋರಿಸಿ ಪರೀಕ್ಷಿಸಿದಾಗ ಜನರ ನೆನಪಿನಲ್ಲಿ ನಿಂತವು ಮೂರು ನಾಲ್ಕು ಮಾತ್ರವೆಂದು ಲಕ್ ಮತ್ತು ವೋಗೆಲ್ 1997ರಲ್ಲಿ ತಿಳಿಸಿದರು. ನೆತ್ತಿಯ ಹಿಂಭಾಗದಲ್ಲಿ ಮಿದುಳಿನ ಚಟುವಟಿಕೆಯೂ ಮೂರು ನಾಲ್ಕರವರೆಗೆ ಏರಿ ಅಲ್ಲಿಗೇ ನಿಲ್ಲುವುದೆಂಬುದು 2004ರಲ್ಲಿ ತಿಳಿದುಬಂದಿತು.

ಹಾಗಾದರೆ ಮನೆಯ ಅಜ್ಜಿ ಅಷ್ಟು ದೊಡ್ಡ ರಂಗವಲ್ಲಿಯನ್ನು ಎರಡೇ ನೋಟದಲ್ಲಿ ಇಳಿಸುವುದು ಹೇಗೆ? ಆಕೆಗೆ ಕಾಣುವುದು ಬಿಡಿ ಎಳೆಗಳಲ್ಲ. ಒಂದು ಮೂಲೆಯ ಬಳ್ಳಿಯನ್ನು ಹಿಡಿದರೆ ಉಳಿದ ಮೂರು ಅದರ ತಿರುವುಗಳೇ ಎಂದು ಆಕೆ ಬಲ್ಲಳು. ಚದುರಂಗದ ನಿಪುಣರ ವಿಷಯದಲ್ಲಿಯೂ ಹೀಗೆಯೇ. ಆಟದ ನಡುವಣ ಹಲಗೆಯನ್ನು ಅವರು ಒಂದೇ ನೋಟದಲ್ಲಿ ನೆನಪಿಡುವರು. ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟರೆ ಹೊಸಬರಿಗಿಂತ ಹೆಚ್ಚೇನೂ ನೆನಪಿಡಲಾರರೆಂದು 1973ರಲ್ಲಿ ಚೇಸ್ ಮತ್ತು ಸೈಮನ್ ತೋರಿಸಿದರು.

ಇದನ್ನೆಲ್ಲ ಹೇಳಹೊರಟುದು ಮಕ್ಕಳಿಗಾಗಿ. ಕರಿಹಲಗೆಯಿಂದ ಬರೆದುಕೊಳ್ಳುವ ಮಗು ಒಂದು ಪದಕ್ಕೆ ನಾಲ್ಕು ಬಾರಿ ತಲೆಯೆತ್ತಿದರೆ 'ಗಮನವಿಲ್ಲ' ಎಂದು ಕಿವಿ ಹಿಂಡುವವರಿದ್ದಾರೆ. 'ಶೃಂಗೇರಿ' ಎಂಬುದು ನಮಗೆ ಒಂದೇ ತುಣುಕು. ಹೊಸದಾಗಿ ಕಲಿಯುವ ಮಗುವಿಗೆ ಶಕಾರ, ವಟ್ರಸುಳಿ, ಸೊನ್ನೆ, ಗಕಾರ, ಏತ್ವ, ದೀರ್ಘ, ರಕಾರ, ಗುಡಿಸು ಎಂದು ಎಂಟು ಆಕಾರಗಳು. ಕೈಯಲ್ಲಿ ಹಿಡಿಯುವುದೋ ಮೂರು ನಾಲ್ಕು. ಮಗು ತಲೆಯೆತ್ತದೆ ಮಾಡುವುದೇನು? ಮನೆಯಲ್ಲಿ ಕಲಿಸುವವರು ಮೇಲ್ಪಂಕ್ತಿಯನ್ನು ಪುಸ್ತಕದ ಪಕ್ಕದಲ್ಲಿಯೇ ಬರೆದುಕೊಡಲಿ. ನೋಟ ತಿರುಗಿಸುವ ದೂರ ಕಡಿಮೆಯಾದಷ್ಟೂ ಹಿಡಿದದ್ದು ಜಾರುವುದು ಕಡಿಮೆ. ಅಕ್ಷರಗಳು ಪಳಗಿದಂತೆ ಆ ತಲೆಯೆತ್ತುವಿಕೆಯೂ ತಾನಾಗಿ ತಗ್ಗುವುದು.