ಬೆಟ್ ಹೂಡಿದ ದಾವೆ

ಅಮೆರಿಕದ 13 ವಸಾಹತುಗಳು ಬ್ರಿಟಿಷ್ ದೊರೆಯ ಹಂಗು ಕಡಿದುಕೊಂಡ ಕಥೆ ನಮಗೆ ಶಾಲೆಯ ದಿನಗಳಿಂದಲೇ ಗೊತ್ತು. ಬಾಸ್ಟನ್ ಬಂದರಿನ ನೀರಿಗೆ ಸುರಿದ ಚಹಾ, 1776ರ ಜುಲೈ 4ರ ಘೋಷಣೆ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್. (ಮುಂದೆ ಬೆಂಗಳೂರು ಕೋಟೆ ಹಿಡಿದು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನೂ ಇವನೇ.) ಈ ಕಥೆಯಲ್ಲಿ ಬೆಟ್ ಎಂಬ ಹೆಂಗಸಿನ ಹೆಸರು ಬರುವುದು ಅಪರೂಪ. ಬರಬೇಕು.

ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್‌ನಲ್ಲಿ ಜಾನ್ ಆಶ್ಲಿ ದೊಡ್ಡ ಕುಳ. 1773ರಲ್ಲಿ, ಘೋಷಣೆಗೂ ಮೂರು ವರ್ಷ ಮೊದಲೇ, ಮನುಷ್ಯರು ಹುಟ್ಟಿನಿಂದ ಸಮಾನರು, ಸ್ವತಂತ್ರರು ಎಂಬ ಠರಾವನ್ನು ಊರ ಪ್ರಮುಖರು ಸಿದ್ಧಪಡಿಸಿದ್ದು ಆತನ ಮನೆಯಲ್ಲಿ. ಅದೇ ಮನೆಯಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸು ಬೆಟ್ ಆತನ ಗುಲಾಮಳು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. 1780ರಲ್ಲಿ ರಾಜ್ಯದ ಹೊಸ ಸಂವಿಧಾನವೂ ಅದೇ ಮಾತನ್ನು ತನ್ನ ಮೊದಲ ವಿಧಿಯಾಗಿ ಬರೆದುಕೊಂಡಿತು. ಹಾಗಾದರೆ ತಾನೂ ಸ್ವತಂತ್ರಳೇ ಅಲ್ಲವೇ ಎಂದು ಆಕೆ ವಕೀಲ ಥಿಯೊಡರ್ ಸೆಜ್‌ವಿಕ್‌ನ ಬಾಗಿಲು ತಟ್ಟಿದಳು. ಶೆಫೀಲ್ಡ್ ಠರಾವಿನಲ್ಲಿ ಆತನ ಕೈಯೂ ಇತ್ತು.

1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನ ಪಂಚರು ಬೆಟ್ ಮತ್ತು ಆಕೆಯೊಡನೆ ದಾವೆ ಹೂಡಿದ್ದ ಬ್ರೋಮ್, ಇಬ್ಬರೂ ಆಶ್ಲಿಯ ಸ್ವತ್ತಲ್ಲ ಎಂದು ತೀರ್ಮಾನಿಸಿ, 30 ಶಿಲ್ಲಿಂಗ್ ಪರಿಹಾರ ಕೊಡಿಸಿದರು. ಆಶ್ಲಿ ಸಂಬಳ ಕೊಡುತ್ತೇನೆ, ಮನೆಗೆ ಬಾ ಎಂದ. ಆಕೆ ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಎಂಬ ಹೆಸರಿಟ್ಟುಕೊಂಡು ಬದುಕಿದಳು, ದುಡಿದ ಹಣದಲ್ಲಿ ಸ್ವಂತ ಮನೆ ಮಾಡಿಕೊಂಡಳು.

ದೊರೆಯ ವಿರುದ್ಧ ತಲೆಯೆತ್ತಿದವರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣರಾಜ್ಯ ಹುಟ್ಟಿದ ಜಾಗವೆಂದು ಫಿಲಡೆಲ್ಫಿಯಾವನ್ನು ಹೆಸರಿಸುವವರು ಗ್ರೇಟ್ ಬ್ಯಾರಿಂಗ್ಟನ್ನಿನ ಕೋರ್ಟನ್ನೂ ಹೆಸರಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಜೆಫರ್ಸನ್ ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಬರೆದಿದ್ದ ಭಾಗವನ್ನು ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲೇ ಹೊಡೆದುಹಾಕಿದ್ದರು. ಬರೆದಾತನೂ ಗುಲಾಮರ ಒಡೆಯನೇ. 1787ರಲ್ಲಿ ಅದೇ ಊರಿನಲ್ಲಿ ಒಕ್ಕೂಟದ ಸಂವಿಧಾನ ರಚಿಸಿದವರು, ಸಂಸತ್ತಿನ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಲು ಒಪ್ಪಿದರು. ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸದಂತೆ ಸಂಸತ್ತಿನ ಕೈಯನ್ನೂ ಕಟ್ಟಿಹಾಕಿದರು. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗದಿರಲು ತೆತ್ತ ಬೆಲೆ ಇದು. ತೆತ್ತವರು ಆ ಸಭೆಯಲ್ಲಿ ಇರಲಿಲ್ಲ.

ಬೆಟ್ ಗೆದ್ದ ಎರಡು ವರ್ಷಕ್ಕೆ ಕ್ವಾಕ್ ವಾಕರ್ ಮೊಕದ್ದಮೆಯಲ್ಲಿ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ ವಿಲಿಯಂ ಕುಶಿಂಗ್, ಗುಲಾಮಗಿರಿ ಅಲ್ಲಿನ ಸಂವಿಧಾನಕ್ಕೆ ಒಗ್ಗುವುದಿಲ್ಲ ಎಂದರು. 1790ರ ಮೊದಲ ಜನಗಣತಿಯಲ್ಲಿ ಆ ರಾಜ್ಯದ ಗುಲಾಮರ ಲೆಕ್ಕ ಸೊನ್ನೆ. ಇಡೀ ದೇಶದ್ದು ಸುಮಾರು 7 ಲಕ್ಷ.