ಜೇಡಕ್ಕೆ ಬೇಕಾದದ್ದು ನೀರು, ಪಟ್ಟಿಯಲ್ಲ

ಒಂದು ಜೇಡವನ್ನು ಉಳಿಸಲು ಇಂಗ್ಲೆಂಡಿನವರು ಲಕ್ಷಾಂತರ ಪೌಂಡು ಖರ್ಚು ಮಾಡಿದರೆಂದು ಹೇಳಿದರೆ ನಮ್ಮಲ್ಲಿ ಅನೇಕರು ನಗುತ್ತಾರೆ. "ಮನೆಯಲ್ಲಿ ಜೇಡ ಕಂಡರೆ ಪೊರಕೆ ಎತ್ತಿಕೊಳ್ಳುವವರು ನಾವು. ಅವರಿಗೆ ಬೇರೆ ಕೆಲಸವಿಲ್ಲವೇ?" ಎಂಬುದು ಸಾಮಾನ್ಯವಾದ ಮಾತು. ನಗುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಆ ಹಣದ ಬಹುಪಾಲು ಹೋದದ್ದು ಜೇಡದ ಮೇಲಲ್ಲ, ನೀರನ್ನು ನೆಲಕ್ಕೆ ಮರಳಿ ತರುವುದರ ಮೇಲೆ. ಇದನ್ನು ತಿಳಿದ ಮೇಲೂ ನಗುವುದಾದರೆ ಆ ನಗೆ ನಮ್ಮ ಮೇಲೆಯೇ ತಿರುಗೀತು.

ಈ ಜೇಡದ ಶಾಸ್ತ್ರೀಯ ಹೆಸರು ಡಾಲೊಮಿಡೀಸ್ ಪ್ಲಾಂಟೇರಿಯಸ್. ಅಲ್ಲಿಯವರು ಫೆನ್ ರಾಫ್ಟ್ ಸ್ಪೈಡರ್ ಎನ್ನುತ್ತಾರೆ. ನಾವು ಜೌಗಿನ ತೆಪ್ಪದ ಜೇಡ ಎನ್ನೋಣ. ಕಾಲು ಚಾಚಿದರೆ ಸುಮಾರು 7 ಸೆಂಟಿಮೀಟರ್ ಅಗಲ. ಬಲೆ ಹೆಣೆದು ಬೇಟೆಗೆ ಕಾಯುವ ಜಾತಿಯಲ್ಲ. ಹಿಂಗಾಲುಗಳನ್ನು ಗಿಡದ ಮೇಲೂರಿ, ಮುಂಗಾಲುಗಳನ್ನು ನೀರಿನ ಮೇಲಿಟ್ಟು, ಅಲೆಯ ಕಂಪನದಿಂದಲೇ ಬೇಟೆಯ ಸುಳಿವು ಹಿಡಿಯುತ್ತದೆ. ನೀರಿನ ಮೇಲೆ ಓಡಿ ಹಿಡಿಯುತ್ತದೆ. ಗೊದಮೊಟ್ಟೆ, ಸಣ್ಣ ಮೀನು ಸಹ ಅದಕ್ಕೆ ಆಹಾರ. ತಾಯಿಜೇಡ ಮೊಟ್ಟೆಯ ಚೀಲವನ್ನು ಕಚ್ಚಿಕೊಂಡೇ ತಿರುಗುತ್ತ, ಒಣಗದಂತೆ ಆಗಾಗ ನೀರಿನಲ್ಲಿ ಅದ್ದುತ್ತದೆ. ಮರಿಗಳು ಹೊರಬರುವ ಕಾಲಕ್ಕೆ ನೀರಿನ ಮೇಲಿನ ಗಿಡಗಳಲ್ಲಿ ಬಲೆಯ ತೊಟ್ಟಿಲು ಕಟ್ಟುತ್ತದೆ. ಅದರ ಬೇಟೆ, ಬಾಣಂತನ ಎರಡೂ ನೀರಿನ ಅಂಚಿನಲ್ಲೇ. ನೀರು ಹೋದರೆ ಸಂತಾನವೇ ಹೋದಂತೆ.

ಬ್ರಿಟನ್ನಿನಲ್ಲಿ ಇದನ್ನು ಮೊದಲು ಗುರುತಿಸಿದವರು ಎರಿಕ್ ಡಫಿ ಎಂಬ ವಿಜ್ಞಾನಿ, 1956ರಲ್ಲಿ. ಸಫಕ್ ಮತ್ತು ನಾರ್ಫಕ್ ಜಿಲ್ಲೆಗಳ ಗಡಿಯಲ್ಲಿರುವ ರೆಡ್‌ಗ್ರೇವ್–ಲೋಫಮ್ ಜೌಗಿನಲ್ಲಿ. ಭೂಮಿಯೊಳಗಿನ ಸುಣ್ಣಕಲ್ಲಿನ ಪದರದಿಂದ ಉಕ್ಕುವ ಒರತೆಗಳೇ ಆ ಜೌಗಿನ ಜೀವ. 1960ರ ಸುಮಾರಿಗೆ ಅದರ ಅಂಚಿನಲ್ಲೇ ಸಾರ್ವಜನಿಕ ನೀರು ಸರಬರಾಜಿಗೆಂದು ಕೊಳವೆ ಬಾವಿಯೊಂದು ಕೆಲಸ ಆರಂಭಿಸಿತು. ಒರತೆಗಳು ಬತ್ತಿದವು, ಜೌಗು ಒಣಗಿತು, ಪೊದೆ ಬೆಳೆಯಿತು. ಜೇಡಗಳು ಕೆಲವೇ ಹೊಂಡಗಳಿಗೆ ಸೀಮಿತವಾದವು.

ಇನ್ನು ಮುಂದಿನ ತಾರೀಖುಗಳನ್ನು ಗಮನಿಸಿ. 1981ರಲ್ಲಿ ವನ್ಯಜೀವಿ ಕಾಯಿದೆಯ ಅನುಸೂಚಿಯಲ್ಲಿ ಈ ಜೇಡದ ಹೆಸರು ಸೇರಿತು. ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧವಾಯಿತು. 1991ರಲ್ಲಿ ಆ ಜೌಗು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಪಂಪು ಮಾತ್ರ ಓಡುತ್ತಲೇ ಇತ್ತು. ಕೊಳವೆ ಬಾವಿಯನ್ನು ಅಲ್ಲಿಂದ ಸ್ಥಳಾಂತರಿಸಿದ್ದು 1999ರಲ್ಲಿ! ಕಾಯಿದೆ ಬಂದು 18 ವರ್ಷ, ರಾಮ್ಸಾರ್ ಪಟ್ಟಿಗೆ ಸೇರಿ 8 ವರ್ಷ ಕಳೆದ ಮೇಲೆ.

ಸರ್ಕಾರಿ ಗುಮಾಸ್ತನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕಡತದಲ್ಲಿ 'ಅಗತ್ಯ ಕ್ರಮ ಕೈಗೊಳ್ಳಲಾಗಿದೆ' ಎಂದು ಬರೆದ ಮಾತ್ರಕ್ಕೆ ಕ್ರಮ ಕೈಗೊಂಡಂತಾಗುವುದಿಲ್ಲ. ಅನುಸೂಚಿಯಲ್ಲಿ ಹೆಸರಿದ್ದರೆ ಜೀವಿ ಉಳಿಯುತ್ತದೆ ಎಂದು ನಂಬುವುದು, ರೇಷನ್ ಕಾರ್ಡನ್ನು ನೋಡಿ ಹೊಟ್ಟೆ ತುಂಬಿತೆಂದು ಏಳುವ ಹಾಗೆ.

"ಹಾಗಾದರೆ ಜನರಿಗೆ ಕುಡಿಯುವ ನೀರು ಬೇಡವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿ ಜನರ ನೀರನ್ನು ಕಿತ್ತು ಜೇಡಕ್ಕೆ ಕೊಡಲಿಲ್ಲ. ಜೌಗಿಗೆ ಹಾನಿಯಾಗದ ಬೇರೆ ಜಾಗದಿಂದ ನೀರೆತ್ತಿದರು, ಅಷ್ಟೇ. ಜನ ಬೇಕೋ ಜೇಡ ಬೇಕೋ ಎಂಬ ಜಗಳವೇ ಹುಸಿ. ಪಂಪು ಎಲ್ಲಿರಬೇಕು ಎಂಬುದೊಂದೇ ನಿಜವಾದ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಕೊಡಲು ನಾಲ್ಕು ದಶಕ ಬೇಕಾಯಿತು.

ತಡಮಾಡಿದ್ದಕ್ಕೆ ದಂಡವನ್ನೂ ತೆರಬೇಕಾಯಿತು. ಪೊದೆ ಕಡಿದು, ಕೆಟ್ಟುಹೋದ ಮೇಲ್ಮಣ್ಣನ್ನು ಕೆರೆದು ತೆಗೆಯಬೇಕಾಯಿತು. ನೀರು ಮರಳಿದ ಮೇಲೂ ಜೇಡ ಒಡನೆ ಹಬ್ಬಲಿಲ್ಲ. ಹೆಲೆನ್ ಸ್ಮಿತ್ ಎಂಬ ವಿಜ್ಞಾನಿ ಸಾವಿರಾರು ಮರಿಗಳನ್ನು, ಒಂದನ್ನೊಂದು ತಿನ್ನದಂತೆ ಒಂದೊಂದು ಗಾಜಿನ ನಳಿಗೆಯಲ್ಲಿ ಒಂದೊಂದನ್ನಿಟ್ಟು, ಹಣ್ಣಿನ ನೊಣ ತಿನ್ನಿಸಿ ಸಾಕಿದರು. 2010ರಿಂದ ಅವನ್ನು ಸಫಕ್, ನಾರ್ಫಕ್‌ಗಳ ಬೇರೆ ಜೌಗುಗಳಲ್ಲಿ ಬಿಡಲಾಯಿತು. ಅಲ್ಲಿ ಅವು ನೆಲೆಯೂರಿವೆ. ಬಿಟ್ಟ ಕಡೆ ನೀರಿತ್ತು, ಆದ್ದರಿಂದ ಬದುಕಿದವು.

ಚೆನ್ನೈಯಲ್ಲಿರುವ ಕನ್ನಡಿಗರಿಗೆ ಇದೆಲ್ಲ ಏಕೆ? ಏಕೆಂದರೆ ಅದೇ ರಾಮ್ಸಾರ್ ಪಟ್ಟಿಗೆ 2022ರಲ್ಲಿ ನಮ್ಮ ಪಳ್ಳಿಕರಣೈ ಜೌಗೂ ಸೇರಿತು, ಸುಮಾರು 1,247 ಹೆಕ್ಟೇರ್. ಪತ್ರಿಕೆಗಳಲ್ಲಿ ಓದಿ ಎಲ್ಲರೂ ಸಂತೋಷಪಟ್ಟೆವು. ಆದರೆ ದಶಕಗಳ ಕಾಲ ನಾವು ಮನೆಯಿಂದ ಹೊರಹಾಕಿದ ಕಸ ಗುಡ್ಡವಾಗಿ ನಿಂತದ್ದು ಅದೇ ಜೌಗಿನ ಪೆರುಂಗುಡಿಯಲ್ಲಿ. ಜೌಗಿನ ಸುತ್ತ ರಸ್ತೆ, ಕಚೇರಿ, ಬಡಾವಣೆಗಳು ಎದ್ದವು. ಮಳೆನೀರಿಗೆ ನಿಲ್ಲಲು ಜಾಗ ಕಡಿಮೆಯಾದರೆ ಅದು ಎಲ್ಲಿಗೆ ನುಗ್ಗುತ್ತದೆ ಎಂಬುದನ್ನು 2015ರ ಡಿಸೆಂಬರಿನಲ್ಲಿ ವೇಳಚ್ಚೇರಿಯ ನಿವಾಸಿಗಳು ಕಂಡಿದ್ದಾರೆ. ಅವರಲ್ಲಿ ಕನ್ನಡದ ಕುಟುಂಬಗಳೂ ಇದ್ದವು.

ನಾವು ಹೊರಗಿನಿಂದ ಬಂದವರು, ಇಲ್ಲಿನ ಕೆರೆ ಜೌಗುಗಳ ಗೊಡವೆ ನಮಗೇಕೆ ಎನ್ನುವವರಿದ್ದಾರೆ. ಇಲ್ಲಿನ ನೀರು ಕುಡಿಯುವಾಗ ಇಲ್ಲದ ಪರಕೀಯತೆ ಅದನ್ನು ಕಾಯುವಾಗ ಮಾತ್ರ ಬರುವುದು ಸಲ್ಲದು. ಜೌಗಿನ ಬಳಿ ನಿವೇಶನವೆಂದೋ ಫ್ಲ್ಯಾಟೆಂದೋ ಯಾರಾದರೂ ಆಸೆ ತೋರಿಸಿದಾಗ, ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಈ ನೆಲದಲ್ಲಿ ಮೊದಲು ನಿಲ್ಲುತ್ತಿದ್ದ ನೀರು ಈಗ ಎಲ್ಲಿಗೆ ಹೋಗುತ್ತದೆ? ಸರಿಯಾದ ಉತ್ತರ ಬಾರದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.