ಕತ್ತಲೆಯ ಶಾಲೆ

ವಡಾಲ ಸ್ಟೇಷನ್ನಿನ ಹೊರಗೊಂದು ಜೆರಾಕ್ಸ್ ಅಂಗಡಿ. ಮೊನ್ನೆ ಅಲ್ಲಿ ನಮ್ಮ ಕನ್ನಡದ ಹುಡುಗಿಯೊಬ್ಬಳು ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಹಿಡಿದು ನಿಂತಿದ್ದಳು. ಮುಂಬಯಿಯ ಹೋಟೆಲ್ ಕಾರ್ಮಿಕರು ಓದಿದ ರಾತ್ರಿ ಶಾಲೆಗಳ ಮೇಲೆ ಅವಳ ಅಧ್ಯಯನ. ನಕಲು ಪತ್ತೆಯ ವರದಿಯಲ್ಲಿ ಶೇ. 38 ಬಂದಿತ್ತು. ‘ಹತ್ತರೊಳಗೆ ತಂದುಕೊಡ್ತೀನಿ’ ಎಂದು ಅಂಗಡಿಯ ಹುಡುಗ ಮರಾಠಿಯಲ್ಲಿ ಧೈರ್ಯ ಹೇಳುತ್ತಿದ್ದ. ಅವನ ಉಪಾಯ ಸರಳ: ಕನ್ನಡವನ್ನು ಯಂತ್ರಕ್ಕೆ ಕೊಟ್ಟು ಮರಾಠಿ ಮಾಡುವುದು, ಆ ಮರಾಠಿಯನ್ನು ಮತ್ತೆ ಕನ್ನಡ ಮಾಡುವುದು. ಒಂದು ಪುಟ ಇಣುಕಿ ನೋಡಿದೆ. ‘ರಾತ್ರಿ ಶಾಲೆ’ ಹೋಗಿ ‘ಕತ್ತಲೆಯ ಶಾಲೆ’ ಆಗಿತ್ತು. ‘ಹೋಟೆಲ್ ಮಾಣಿ’ ‘ಹೋಟೆಲಿನ ಮಾಣಿಕ್ಯ’ ಆಗಿದ್ದ!

ನಗು ಬಂತು, ಹಿಂದೆಯೇ ಹೊಟ್ಟೆ ಉರಿಯಿತು. ನನ್ನ ಅಪ್ಪ ಹಗಲು ಕಪ್ಪುಬಸಿ ತೊಳೆದು, ರಾತ್ರಿ ಅಂಥದೇ ಶಾಲೆಯಲ್ಲಿ ಅಕ್ಷರ ಕಲಿತವರು.

ಆ ಹುಡುಗಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಕಲಿಗೆ ಯುಜಿಸಿ 2018ರಲ್ಲೇ ಅಳತೆಗೋಲು ಇಟ್ಟಿದೆ. ಶೇ. 10ರವರೆಗೆ ಮಾಫಿ, ಅಲ್ಲಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಸಂಶೋಧನೆಯ ನೀತಿ ಕಲಿಸಲು 30 ತಾಸಿನ ಪಾಠವೂ ಇದೆ. ಕದಿಯಬೇಡ ಎಂದು ಹೇಳುವವರು ಇಷ್ಟು ಮಂದಿ. ಒಂದು ಪ್ಯಾರಾ ಕಟ್ಟುವುದು ಹೇಗೆ, ಇನ್ನೊಬ್ಬರ ಮಾತು ಎಲ್ಲಿ ಮುಗಿದು ನನ್ನ ಮಾತು ಎಲ್ಲಿ ಶುರುವಾಗಬೇಕು ಎಂದು ಪಕ್ಕದಲ್ಲಿ ಕೂತು ತೋರಿಸಿದವರು ಎಷ್ಟು ಜನ? ಅವಳ ಹಿಂದಿನ ಎರಡು ಅಧ್ಯಾಯಗಳ ಮೇಲೆ ಮಾರ್ಗದರ್ಶಕರು ಬರೆದಿದ್ದದ್ದು ಒಂದೇ ಸಾಲು: ‘ಚೆನ್ನಾಗಿದೆ, ಮುಂದುವರಿಸಿ.’

ಇದೇ ವಡಾಲದಲ್ಲಿ ಅಂಬೇಡ್ಕರ್ ಹೆಸರಿನ ಕಾಲೇಜಿದೆ. ಅವರೇ ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯದು. ಅಂಬೇಡ್ಕರರು ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧವನ್ನು 1922ರಲ್ಲಿ ಲಂಡನ್ನಿನಲ್ಲಿ ಒಪ್ಪಿಸಿದಾಗ, ತಿದ್ದಿ ತನ್ನಿ ಎಂದು ಹಿಂದಕ್ಕೆ ಬಂತು. ಬ್ರಿಟಿಷರ ಹಣಕಾಸು ನೀತಿಯ ಮೇಲಿನ ಟೀಕೆ ಪರೀಕ್ಷಕರಿಗೆ ಖಾರವಾಗಿತ್ತು. ಮುಂಬಯಿಗೆ ಮರಳಿದವರು ಇಲ್ಲಿಂದಲೇ ತಿದ್ದಿ ಕಳಿಸಿದರು. ಧಾಟಿ ತಗ್ಗಿಸಿದರು, ನಿಲುವು ಬಿಡಲಿಲ್ಲ. 1923ರಲ್ಲಿ ಡಿ.ಎಸ್‌ಸಿ. ಪದವಿಯೂ ಬಂತು, ಪುಸ್ತಕವೂ ಬಂತು. ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದುಕೊಟ್ಟರು. ಶಿಷ್ಯನ ಬಹುಪಾಲು ವಾದಗಳನ್ನು ತಾನು ಒಪ್ಪುವುದಿಲ್ಲ ಎಂದು ಅದರಲ್ಲೇ ಹೇಳಿದರು. ಹಾಗೆ ಒಪ್ಪದಿರಬೇಕಾದರೂ ಮೊದಲು ಓದಿರಬೇಕಲ್ಲ!

ನಮ್ಮಲ್ಲೂ ಅಂಥ ದುಡಿಮೆ ಇತ್ತು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ನಡೆಸಿದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು. ಹತ್ತೊಂಬತ್ತನೇ ಶತಮಾನದ ಕನ್ನಡವನ್ನು ಕೆದಕಿ ತೆಗೆದ ಅವರ ‘ಹೊಸಗನ್ನಡದ ಅರುಣೋದಯ’ ಪಿಎಚ್.ಡಿ.ಗೆಂದು ಬರೆದದ್ದು ಎಂದು ಇಂದು ಓದುವವರಿಗೆ ನೆನಪೂ ಆಗುವುದಿಲ್ಲ.

ಅಂಗಡಿಯಿಂದ ಹುಡುಗಿಯನ್ನು ಚಹಾಕ್ಕೆ ಕರೆದುಕೊಂಡು ಹೋದೆ. ‘ರಾತ್ರಿ ಶಾಲೆ ಅಂದರೆ ಏನಮ್ಮ, ನಿನ್ನ ಬಾಯಲ್ಲೇ ಹೇಳು’ ಅಂದೆ. ‘ಎಂಟಕ್ಕೆ ಪಾಠ, ಹತ್ತೂವರೆಗೆ ಹೋಟೆಲಿನ ಮೇಜಿನ ಮೇಲೆ ನಿದ್ದೆ, ಐದಕ್ಕೆ ಮತ್ತೆ ಒಲೆ. ಪುಸ್ತಕಕ್ಕೆ ಯಾವಾಗಲೂ ಸಾಂಬಾರಿನ ವಾಸನೆ ಅಂತ ಒಬ್ಬರು ಅಜ್ಜ ಹೇಳಿದ್ರು’ ಅಂದಳು. ಅದನ್ನೇ ಬರಿ ಅಂದೆ.

‘ಅದು ಅಕಾಡೆಮಿಕ್ ಅನ್ನಿಸಲ್ಲ ಅಂಕಲ್.’

ಮೇಷ್ಟ್ರುಗಳೇ, ಈ ಮಾತನ್ನು ಅವಳ ಬಾಯಿಗೆ ಹಾಕಿದವರು ನಾವು. ವಾರಕ್ಕೆ ಒಂದೇ ಪುಟ ಸಾಕು. ಪೆನ್ನು ಹಿಡಿದು ವಿದ್ಯಾರ್ಥಿಗಳ ಎದುರಿಗೇ ಸಾಲು ಸಾಲಾಗಿ ಓದಿ. ಓದದೆ ಸಹಿ ಹಾಕಬೇಡಿ. ಸಂಶೋಧಕ ಮಕ್ಕಳೇ, ಓದಿದ ಪುಸ್ತಕ ಮುಚ್ಚಿಟ್ಟು ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ, ಯಾರದೆಂದು ಹೆಸರು ಹಾಕಿ. ನಿಮ್ಮ ವಾಕ್ಯ ಸೊಟ್ಟಗಿದ್ದರೂ ಅಂಗಡಿಗೆ ಕೊಡಬೇಡಿ. ಕನ್ನಡ ಸಂಘದವರೇ, ವಡಾಲದಲ್ಲಿ ಎನ್‌ಕೆಇಎಸ್‌ ಎಂಬ ಕನ್ನಡಿಗರ ಶಾಲೆ ಕಟ್ಟಿದ ಊರು ನಮ್ಮದು. ಪಿಎಚ್.ಡಿ. ಬಂದ ಮೇಲೆ ಸನ್ಮಾನಕ್ಕೆ ಓಡಿ ಬರುವ ನೀವು ಬರೆಯುವ ದಿನಗಳಲ್ಲೇ ಬನ್ನಿ. ಭಾನುವಾರ ಎರಡು ತಾಸು, ಒಂದು ಕೋಣೆ, ನಾಲ್ಕು ಕುರ್ಚಿ, ತಾಳ್ಮೆಯಿಂದ ಓದುವ ಒಬ್ಬ ಹಿರಿಯರು, ಇಷ್ಟು ಕೊಡಿ. ಶಾಲು, ಹಣ್ಣಿನ ಬುಟ್ಟಿ ಆಮೇಲೆ ನೋಡೋಣ.